ಬಾಡಿಗೆ ಸರ್ವರಿಗೆ ಬೀಗ ನಿಮ್ಮದೇ

ಕೃಷ್ಣಮೂರ್ತಿಪುರಂನ ಮನೆಯಲ್ಲೇ ಕುಳಿತು, ಅಂಗಡಿಯ ಲೆಕ್ಕಪತ್ರಕ್ಕೆಂದು ನೀವು ಕ್ಲೌಡ್ ಸರ್ವರ್ ಬಾಡಿಗೆಗೆ ಪಡೆದಿರಬಹುದು. ಯಂತ್ರವಿರುವುದು ಮುಂಬಯಿಯಲ್ಲೋ ಹೈದರಾಬಾದಿನಲ್ಲೋ. ಆ ಕಟ್ಟಡದ ಕಾವಲು ಕಂಪನಿಯದು. ನಿಮ್ಮ ಸರ್ವರಿನ ಬೀಗ ನಿಮ್ಮದು. ಬಹಳ ಮಂದಿ ಇದನ್ನೇ ಮರೆಯುತ್ತಾರೆ.

ಸರ್ವರ್ ಅಂತರ್ಜಾಲಕ್ಕೆ ಬಂದು ಹೆಚ್ಚು ಹೊತ್ತಾಗುವ ಮೊದಲೇ ಎಲ್ಲೆಲ್ಲಿಂದಲೋ ಯಂತ್ರಗಳು 22ನೇ ಪೋರ್ಟನ್ನು ತಟ್ಟಿ, 'ರೂಟ್' ಹೆಸರಿನಲ್ಲಿ ಒಂದೊಂದೇ ಪಾಸ್‌ವರ್ಡ್ ಪ್ರಯೋಗಿಸುತ್ತವೆ. ಆದ್ದರಿಂದ ಎಸ್‌ಎಸ್‌ಎಚ್ ಕೀಲಿಜೋಡಿ ಮಾಡಿಕೊಳ್ಳಿ. ಸಾರ್ವಜನಿಕ ಕೀಲಿ ಸರ್ವರಿನಲ್ಲಿರಲಿ, ಖಾಸಗಿ ಕೀಲಿ ನಿಮ್ಮ ಕಂಪ್ಯೂಟರು ಬಿಟ್ಟು ಹೋಗದಿರಲಿ. ಬಳಿಕ ಪಾಸ್‌ವರ್ಡ್ ಪ್ರವೇಶವನ್ನೇ ನಿಲ್ಲಿಸಿ. ಹಳೆಯ ಸಂಪರ್ಕ ಮುಚ್ಚುವ ಮುನ್ನ ಹೊಸ ಕೀಲಿಯಿಂದ ಇನ್ನೊಮ್ಮೆ ಒಳಹೊಕ್ಕು ನೋಡಿ. ಇಲ್ಲವಾದರೆ ನೀವೇ ಹೊರಗುಳಿದೀರಿ! ಫೈರ್‌ವಾಲ್‌ನಲ್ಲಿ ಬೇಕಾದ ಪೋರ್ಟುಗಳನ್ನಷ್ಟೇ ತೆರೆಯಿರಿ.

ಯಾರಾದರೂ ನುಗ್ಗಿದ್ದು ತಿಳಿದರೆ, ಕೇಂದ್ರದ ಸರ್ಟ್-ಇನ್ ಸಂಸ್ಥೆಯ 2022ರ ನಿರ್ದೇಶನದಂತೆ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್ ದಾಖಲೆಗಳನ್ನು 180 ದಿನ ಉಳಿಸಿಕೊಂಡಿರಬೇಕು.