ಗುಜರಾತ್ ವಿಶ್ವವಿದ್ಯಾನಿಲಯ ಮತ್ತು ನುಡಿಯ ಪ್ರಶ್ನೆ

ವಿಶ್ವವಿದ್ಯಾನಿಲಯವೆಂದೊಡನೆ ಭವ್ಯವಾದ ಕಟ್ಟಡಗಳೂ ಪದವೀಧರರ ಕಪ್ಪು ನಿಲುವಂಗಿಗಳೂ ನಮ್ಮ ಕಣ್ಣಮುಂದೆ ನಿಲ್ಲುತ್ತವೆ. ಆದರೆ ಅದರ ಶೀಲಸ್ವಭಾವಗಳನ್ನು ಅರಿಯಬೇಕಾದರೆ, ಅದು ಯಾವ ಜನರಿಗಾಗಿ ಹುಟ್ಟಿತು, ಅವರಿಗೆ ಯಾವ ನುಡಿಯಲ್ಲಿ ವಿದ್ಯೆಯನ್ನು ನೀಡಲು ಹೊರಟಿತು ಎಂಬುದನ್ನು ವಿಚಾರಿಸಬೇಕು. ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ನಮಗಂತೂ ಈ ವಿಚಾರಣೆ ಅತ್ಯಂತ ಹತ್ತಿರದ್ದು.

ಅಹಮದಾಬಾದು ನಗರದ ಪಶ್ಚಿಮ ಭಾಗದಲ್ಲಿ ಬೋಡಕ್‌ದೇವ್ ಎಂಬ ಬಡಾವಣೆಯಿದೆ. ಅಲ್ಲಿಂದ ಪೂರ್ವಕ್ಕೆ, ಸಾಬರಮತಿ ನದಿಯ ಕಡೆಗೆ ಕೆಲವೇ ಕಿಲೋಮೀಟರು ಸಾಗಿದರೆ, ನವರಂಗಪುರದಲ್ಲಿ ಗುಜರಾತ್ ವಿಶ್ವವಿದ್ಯಾನಿಲಯದ ವಿಶಾಲವಾದ ಆವರಣ ಸಿಗುತ್ತದೆ. ಈ ನಗರಕ್ಕೆ ಉದ್ಯೋಗನಿಮಿತ್ತವಾಗಿ ಬಂದು ನೆಲೆಸಿದ ಕನ್ನಡಿಗರ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಗುಜರಾತಿ. ಅಂಥ ಮಗುವಿನ ಕಾಲೇಜಿನ ಬಾಗಿಲು ಯಾವ ಭಾಷೆಯಲ್ಲಿ ತೆರೆಯಬೇಕು? ಈ ಪ್ರಶ್ನೆ ಒಮ್ಮೆ ಇದೇ ವಿಶ್ವವಿದ್ಯಾನಿಲಯದ ಮೂಲಕ ದೇಶದ ಅತ್ಯುನ್ನತ ನ್ಯಾಯಾಲಯವನ್ನೇ ಮುಟ್ಟಿತು. ಆ ಕಥೆಗೆ ಮೊದಲು ಸಂಸ್ಥೆಯ ಹುಟ್ಟನ್ನು ನೋಡೋಣ.

1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾನಿಲಯದ ವ್ಯಾಪ್ತಿ ಬಹಳ ವಿಸ್ತಾರವಾಗಿದ್ದಿತು. ಸಿಂಧ್ ಪ್ರಾಂತದ ಕರಾಚಿಯ ಕಾಲೇಜು, ಅಹಮದಾಬಾದಿನ ಗುಜರಾತ್ ಕಾಲೇಜು, ಧಾರವಾಡದ ಕರ್ನಾಟಕ ಕಾಲೇಜು, ಇವೆಲ್ಲವೂ ಅದಕ್ಕೆ ಸೇರಿದ್ದವು. ಗುಜರಾತಿ, ಮರಾಠಿ, ಕನ್ನಡ, ಸಿಂಧಿ ಮಾತನಾಡುವ ತರುಣರೆಲ್ಲರೂ ಒಂದೇ ಇಂಗ್ಲಿಷ್ ಪಠ್ಯಕ್ರಮವನ್ನು ಓದಿ ಒಂದೇ ಪರೀಕ್ಷೆಗೆ ಕುಳಿತುಕೊಳ್ಳಬೇಕಾಗಿದ್ದಿತು. ತಮ್ಮ ನಾಡಿಗೆ ತಮ್ಮದೇ ಆದ ವಿಶ್ವವಿದ್ಯಾನಿಲಯ ಬೇಕೆಂಬ ಹಂಬಲ ಧಾರವಾಡದಲ್ಲಿ ಮೂಡಿದಂತೆಯೇ ಅಹಮದಾಬಾದಿನಲ್ಲಿಯೂ ಮೂಡಿತು.

ಈ ಹಂಬಲಕ್ಕೆ ಮೊದಲ ರೂಪವನ್ನು ಕೊಟ್ಟವರು ಮಹಾತ್ಮಾ ಗಾಂಧಿಯವರು. ಅಸಹಕಾರ ಚಳುವಳಿಯ ಕಾಲದಲ್ಲಿ, 1920ರ ಅಕ್ಟೋಬರ್ 18ರಂದು, ಅವರು ಅಹಮದಾಬಾದಿನಲ್ಲಿ ಗುಜರಾತ್ ವಿದ್ಯಾಪೀಠವನ್ನು ಸ್ಥಾಪಿಸಿದರು. ಸರಕಾರದ ಮನ್ನಣೆಯನ್ನಾಗಲಿ ಹಣವನ್ನಾಗಲಿ ಬಯಸದೆ, ಮಾತೃಭಾಷೆಯಲ್ಲಿ ಉನ್ನತ ಶಿಕ್ಷಣವನ್ನು ಕೊಡುವುದು ಅದರ ಗುರಿಗಳಲ್ಲೊಂದು. ಹಿಂದೆ ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಕಾಕಾ ಕಾಲೇಲ್ಕರರು ಮುಂದೆ ಈ ವಿದ್ಯಾಪೀಠದ ಹೊಣೆಯನ್ನು ಹೊತ್ತರು. ಗುಜರಾತಿ ಕಾಗುಣಿತಕ್ಕೆ ಒಂದು ಕಟ್ಟುಪಾಡನ್ನು ತಂದ ಜೋಡಣಿಕೋಶವು 1929ರಲ್ಲಿ ಪ್ರಕಟವಾದುದೂ ಇದೇ ಸಂಸ್ಥೆಯ ಶ್ರಮದಿಂದ. ಉನ್ನತ ವಿದ್ಯೆಯನ್ನು ಹೊರಬೇಕಾದ ಭಾಷೆಗೆ ಮೊದಲು ಬರೆವಣಿಗೆಯ ಶಿಸ್ತು ಬೇಕೆಂಬುದನ್ನು ಆ ಹಿರಿಯರು ಅರಿತಿದ್ದರು.

ಇನ್ನೊಂದು ಕಡೆ, ಗಣೇಶ ವಾಸುದೇವ ಮಾವಲಂಕರ್, ಕಸ್ತೂರಭಾಯಿ ಲಾಲಭಾಯಿ ಮೊದಲಾದವರು 1935ರಲ್ಲಿ ಅಹಮದಾಬಾದ್ ಎಜುಕೇಶನ್ ಸೊಸೈಟಿಯನ್ನು ಕಟ್ಟಿ, ನಗರದಲ್ಲಿ ಕಾಲೇಜುಗಳನ್ನು ತೆರೆದರು. ವಕೀಲರ ವಿವೇಕವೂ ಗಿರಣಿ ಮಾಲೀಕರ ಧನವೂ ಹೀಗೆ ಕೂಡಿಕೊಂಡವು. ಕೊನೆಗೆ 1949ರಲ್ಲಿ ಅಂದಿನ ಮುಂಬಯಿ ರಾಜ್ಯದ ಶಾಸನದ ಮೂಲಕ ಗುಜರಾತ್ ವಿಶ್ವವಿದ್ಯಾನಿಲಯವು ಜನ್ಮತಾಳಿತು. ಹರಸಿದ್ಧಭಾಯಿ ದಿವಾಟಿಯಾ ಅವರು ಅದರ ಮೊದಲನೆಯ ಉಪಕುಲಪತಿಗಳು. ಅದೇ ವರ್ಷ ಮುಂಬಯಿಯಲ್ಲಿಯೇ ಸ್ಥಾಪಿತವಾಗಿ 1950ರಲ್ಲಿ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾನಿಲಯವು ಇದರ ಸೋದರಸಂಸ್ಥೆಯೆನ್ನಬಹುದು.

ಗುಜರಾತಿ ಮತ್ತು ಹಿಂದಿ ಭಾಷೆಗಳ ಬೆಳವಣಿಗೆಯನ್ನೂ ಬೋಧನೆಯಲ್ಲಿ ಅವುಗಳ ಬಳಕೆಯನ್ನೂ ಪ್ರೋತ್ಸಾಹಿಸಬೇಕೆಂದು ಶಾಸನದಲ್ಲಿಯೇ ಹೇಳಿದ್ದಿತು. ಗುಜರಾತ್ ವಿದ್ಯಾಪೀಠದಲ್ಲಿ ದೀರ್ಘಕಾಲ ದುಡಿದ ಮಗನಭಾಯಿ ದೇಸಾಯಿಯವರು ಉಪಕುಲಪತಿಗಳಾದಾಗ ಗುಜರಾತಿ ಮಾಧ್ಯಮದ ಕಾರ್ಯವು ಚುರುಕಾಯಿತು. ಹಳ್ಳಿಯ ಶಾಲೆಯಿಂದ ಬಂದ ಹುಡುಗನು ಇಂಗ್ಲಿಷಿನ ಗೋಡೆಗೆ ತಲೆ ಚಚ್ಚಿಕೊಳ್ಳದೆ ಇತಿಹಾಸವನ್ನೂ ತತ್ತ್ವಶಾಸ್ತ್ರವನ್ನೂ ಕಲಿಯಲೆಂಬುದು ಇದರ ಉದ್ದೇಶ. ಇದು ಶ್ಲಾಘನೀಯವಾದುದೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಒಬ್ಬರಿಗೆ ಬಾಗಿಲಾದುದು ಇನ್ನೊಬ್ಬರಿಗೆ ಗೋಡೆಯಾಯಿತು. 1961ರಲ್ಲಿ ಅಹಮದಾಬಾದಿನ ಒಂದು ಕಾಲೇಜಿನಲ್ಲಿ, ಮರಾಠಿ ಮಾಧ್ಯಮದಲ್ಲಿ ಪ್ರೌಢಶಿಕ್ಷಣವನ್ನು ಮುಗಿಸಿ ಬಂದ ಒಬ್ಬ ವಿದ್ಯಾರ್ಥಿಯಿದ್ದನು. ಮೊದಲನೆಯ ವರ್ಷವನ್ನು ಇಂಗ್ಲಿಷ್ ತರಗತಿಯಲ್ಲಿ ಓದಿ ತೇರ್ಗಡೆಯಾದ ಆತನಿಗೆ ಎರಡನೆಯ ವರ್ಷ ಅದೇ ಮಾಧ್ಯಮದಲ್ಲಿ ಮುಂದುವರಿಯಲು ಅನುಮತಿ ದೊರೆಯಲಿಲ್ಲ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಮಾತ್ರ ಆ ವಿನಾಯಿತಿಯಿದ್ದಿತು. ಮಾತೃಭಾಷೆಯಲ್ಲಿ ಓದಿದುದೇ ಆತನಿಗೆ ಅಡ್ಡಿಯಾಗಿ ಪರಿಣಮಿಸಿತು! ಆ ಸ್ಥಾನದಲ್ಲಿ ಕನ್ನಡ ಶಾಲೆಯ ಹುಡುಗನೊಬ್ಬನಿದ್ದಿದ್ದರೆ ಆತನ ಗತಿಯೂ ಅದೇ ಆಗುತ್ತಿದ್ದಿತು. ಹುಡುಗನ ತಂದೆ ಗುಜರಾತ್ ಉಚ್ಚ ನ್ಯಾಯಾಲಯಕ್ಕೆ ಹೋಗಿ ಗೆದ್ದರು. ವಿಶ್ವವಿದ್ಯಾನಿಲಯವು ಸರ್ವೋಚ್ಚ ನ್ಯಾಯಾಲಯಕ್ಕೆ ಮನವಿಯನ್ನು ಸಲ್ಲಿಸಿತು.

1962ರ ಸೆಪ್ಟೆಂಬರ್ ತಿಂಗಳಲ್ಲಿ ತೀರ್ಪು ಬಂದಿತು. ಆರು ಮಂದಿ ನ್ಯಾಯಾಧೀಶರಲ್ಲಿ ಐವರ ಪರವಾಗಿ ಅದನ್ನು ಬರೆದವರು, ಅಹಮದಾಬಾದಿನಲ್ಲಿಯೇ ಹುಟ್ಟಿದ ಜೆ. ಸಿ. ಷಾ ಅವರು. ಒಂದು ಭಾಷೆಯನ್ನು ಪ್ರೋತ್ಸಾಹಿಸುವ ಅಧಿಕಾರ ವಿಶ್ವವಿದ್ಯಾನಿಲಯಕ್ಕೆ ಉಂಟು. ಆದರೆ ಉಳಿದೆಲ್ಲವನ್ನೂ ಹೊರಗಿಟ್ಟು ಅದೊಂದನ್ನೇ ಹೇರುವ ಅಧಿಕಾರವನ್ನು ಶಾಸನವು ಕೊಟ್ಟಿಲ್ಲ ಎಂಬುದು ಅದರ ಸಾರ. ಕೆ. ಸುಬ್ಬರಾವ್ ಅವರೊಬ್ಬರು ಭಿನ್ನಮತವನ್ನು ಸೂಚಿಸಿದರು. 2014ರಲ್ಲಿ ಕರ್ನಾಟಕದ ಪ್ರಾಥಮಿಕ ಶಾಲೆಗಳ ವಿಷಯದಲ್ಲಿಯೂ, ಮಾತೃಭಾಷಾ ಮಾಧ್ಯಮವನ್ನು ಸರಕಾರವು ಬಲವಂತವಾಗಿ ಹೇರಕೂಡದೆಂದು ಅದೇ ನ್ಯಾಯಾಲಯವು ತೀರ್ಮಾನಿಸಿತು.

ಹಾಗಾದರೆ ನುಡಿಯ ಕೆಲಸ ಅಲ್ಲಿಗೇ ಮುಗಿಯಿತೇ? ಇಲ್ಲ. 1966ರಿಂದ 1972ರವರೆಗೆ ಗುಜರಾತ್ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರು ಕವಿ ಉಮಾಶಂಕರ ಜೋಶಿಯವರು. 1967ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಅವರಿಗೂ ನಮ್ಮ ಕುವೆಂಪು ಅವರಿಗೂ ಜೊತೆಯಾಗಿ ಸಂದಿತು. ಕುವೆಂಪು ಅವರೂ 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದು, ಉನ್ನತ ಶಿಕ್ಷಣವು ಕನ್ನಡದಲ್ಲಿ ದೊರೆಯಬೇಕೆಂದು ಶ್ರಮಿಸಿದವರು. ಎರಡು ನಾಡಿನ ಇಬ್ಬರು ಕವಿಗಳು ಕಾವ್ಯರಚನೆಯೊಡನೆ ವಿಶ್ವವಿದ್ಯಾನಿಲಯದ ಭಾರವನ್ನೂ ಹೊತ್ತರೆಂಬುದು ನಾವು ನೆನೆಯಬೇಕಾದ ಸಂಗತಿ.

ಗುಜರಾತ್ ವಿಶ್ವವಿದ್ಯಾನಿಲಯವು ಕನ್ನಡನಾಡಿಗೆ ಬೇರೊಂದು ಉಪಕಾರವನ್ನೂ ಮಾಡಿದೆ. ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರು, ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ವಿಕ್ರಮ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ, 1960ರಲ್ಲಿ ಈ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದರು. 1975ರಲ್ಲಿ ಗಗನಕ್ಕೇರಿದ ಭಾರತದ ಪ್ರಥಮ ಉಪಗ್ರಹ ಆರ್ಯಭಟದ ನಿರ್ಮಾಣಕ್ಕೆ ನಾಯಕರಾದವರು ಇವರೇ. ತನ್ನ ನುಡಿಗಾಗಿ ಹೋರಾಡಿದ ವಿಶ್ವವಿದ್ಯಾನಿಲಯವು ಪರಊರಿನ ಪ್ರತಿಭೆಗೆ ಆಶ್ರಯವನ್ನು ನಿರಾಕರಿಸಲಿಲ್ಲ.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಇಷ್ಟು: ಮಾತೃಭಾಷೆಯು ಆಜ್ಞೆಯ ಬಲದಿಂದ ನಿಲ್ಲಲಾರದು. ಅದರಲ್ಲಿ ಒಳ್ಳೆಯ ಪುಸ್ತಕಗಳು, ನಿಖರವಾದ ಪಾರಿಭಾಷಿಕ ಪದಗಳು, ಸಮರ್ಥರಾದ ಅಧ್ಯಾಪಕರು ಇದ್ದರೆ ವಿದ್ಯಾರ್ಥಿಗಳು ತಾವಾಗಿಯೇ ಅದನ್ನು ಆರಿಸಿಕೊಳ್ಳುವರು. ಇಂದು ಕನ್ನಡದಲ್ಲಿ ಭೂಗೋಳವನ್ನೂ ಬೀಜಗಣಿತವನ್ನೂ ಕಲಿಯುತ್ತಿರುವ ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಕೆಲವರಾದರೂ ನಾಳೆ ಅಂಥ ಪುಸ್ತಕಗಳನ್ನು ಬರೆಯುವಂತಾಗಲಿ.