ಮರಿಗಳಿಗೆ ಮಡಿಕೆಯ ಗೆದ್ದಲು

ನಾಟಿ ಕೋಳಿ ಸಾಕುವವರಿಗೆ ಮರಿಗಳ ಮೊದಲ ಒಂದೂವರೆ ತಿಂಗಳೇ ಕಷ್ಟ. ಬರೀ ರಾಗಿ, ನುಚ್ಚು ಹಾಕಿದರೆ ಹೊಟ್ಟೆ ತುಂಬುತ್ತೆ, ಮೈ ಬೆಳೆಯೋದಿಲ್ಲ. ರಾಗಿಯಲ್ಲಿ ಪ್ರೋಟೀನು ನೂರಕ್ಕೆ 7ರಷ್ಟು. ಮರಿಗೆ ಬೇಕಾದ್ದು 20ರ ಹತ್ತಿರ. ಹತ್ತು ಮರಿಗೆ ಅಂಗಡಿ ಫೀಡು ತಂದರೆ ಮಳೆ ನಂಬಿದ ನಮ್ಮಂಥವರಿಗೆ ಎಲ್ಲಿ ಗಿಟ್ಟುತ್ತೆ? ಈ ಕೊರತೆ ತುಂಬೋದು ಹುಳ. ನಮ್ಮ ಕೆಂಪು ನೆಲದಲ್ಲಿ ಬೇಕಾದಷ್ಟು ಇರೋ ಹುಳ ಗೆದ್ದಲು.

ನಮ್ಮವ್ವ ಮಾಡುತ್ತಿದ್ದ ಕ್ರಮ ಹೇಳುತ್ತೇನೆ. ಬಾಯಿ ಒಡೆದ ಹಳೆ ಮಡಿಕೆಗೆ ಒಣ ಸಗಣಿ ಚೂರು, ರಾಗಿ ಹುಲ್ಲು, ಸಿಕ್ಕರೆ ಮೆಕ್ಕೆಜೋಳದ ಬೆಂಡು ತುಂಬಿ ನೀರು ಚಿಮುಕಿಸಬೇಕು. ಗೆದ್ದಲು ಮಣ್ಣು ಕಟ್ಟಿಕೊಂಡು ಓಡಾಡಿದ ಜಾಗ ನೋಡಿ, ಮೇಲುಮಣ್ಣು ಕೆರೆದು, ಸಂಜೆ ಮಡಿಕೆ ಬೋರಲು ಹಾಕಿ. ಮೇಲೆ ಹಸಿ ಗೋಣಿ ಹೊದಿಸಿ ಅಂಚಿಗೆ ಮಣ್ಣು ಒತ್ತಿ. ಬೆಳಕು ಹೊಕ್ಕರೆ ಗೆದ್ದಲು ಬರೋದಿಲ್ಲ. ಬೆಳಿಗ್ಗೆ ಬಿಸಿಲೇರುವ ಮೊದಲೇ ಎತ್ತಬೇಕು, ಇಲ್ಲದಿದ್ದರೆ ಮಡಿಕೆ ಕಾದು ಎಲ್ಲ ಕೆಳಗಿಳಿದಿರುತ್ತವೆ. ಮರಿಗಳ ಮುಂದೆ ಕೊಡವಿ. ಮಾರನೆಯ ದಿನ ಬೇರೆ ಜಾಗ ನೋಡಿ. ಹುತ್ತ ಅಗೆಯಬೇಡಿ, ರಾಣಿ ಹೋದರೆ ಮುಂದಿನ ಬುತ್ತಿಯೂ ಹೋಯಿತು. ಬಿರುಬೇಸಿಗೆಯಲ್ಲಿ ಗೆದ್ದಲು ಆಳಕ್ಕಿಳಿಯುತ್ತೆ, ಆಗ ಮಡಿಕೆ ಖಾಲಿ. ಆಫ್ರಿಕಾದ ಬುರ್ಕಿನಾ ಫಾಸೊ, ಟೋಗೊ ಕಡೆಯ ರೈತರೂ ಹೀಗೆಯೇ ಮಡಿಕೆ ಬೋರಲು ಹಾಕುತ್ತಾರಂತೆ. ನಮ್ಮವ್ವನಿಗೆ ಯಾರು ಹೇಳಿಕೊಟ್ಟರೋ!

ಗೆದ್ದಲಿನಲ್ಲಿ ಸುಣ್ಣದಂಶ ಕಡಿಮೆ, ರಾಗಿಯಲ್ಲಿ ಜಾಸ್ತಿ. ಅದಕ್ಕೇ ರಾಗಿ ಬಿಡಬೇಡಿ, ಎರಡೂ ಇರಲಿ.

ಈಗ ನಾನು ಕೆಟ್ಟ ಕತೆ. ಮೂರು ವರ್ಷದ ಹಿಂದೆ ಪಕ್ಕದ ಹೊಲದ ಬದುವಿನಲ್ಲಿ ಗೆದ್ದಲು ಜಾಸ್ತಿ ಅಂತ ಅಲ್ಲೇ ಮಡಿಕೆ ಇಟ್ಟೆ. ಆ ಹೊಲದವರು ಮಾವಿನ ಸಸಿ ಬುಡಕ್ಕೆ ಗೆದ್ದಲಿನ ಔಷಧಿ ಹುಯ್ದಿದ್ದರು. ಅವರದ್ದು ತಪ್ಪಲ್ಲ, ನಾನು ಕೇಳಿರಲಿಲ್ಲ. ಸಂಜೆಯೊಳಗೆ 14 ಮರಿಯಲ್ಲಿ 11 ಕತ್ತು ಚೆಲ್ಲಿದವು. ಹೆಂಟೆ ಮೂರನ್ನೇ ಕಟ್ಟಿಕೊಂಡು ಅಂಗಳವೆಲ್ಲ ಕೂಗುತ್ತಾ ತಿರುಗಿತು. ಮಡಿಕೆ ಎತ್ತಿದಾಗ ಗೆದ್ದಲು ಚೆನ್ನಾಗೇ ಹರಿದಾಡುತ್ತಿತ್ತಲ್ಲ ಅಂತ ನನಗೆ ಆಶ್ಚರ್ಯ. ಆಮೇಲೆ ತಿಳಿಯಿತು: ಫಿಪ್ರೊನಿಲ್‌ನಂಥ ಔಷಧಿ ಗೆದ್ದಲನ್ನು ತಕ್ಷಣ ಕೊಲ್ಲೋದಿಲ್ಲ. ಮೈಗೆ ಹತ್ತಿಸಿಕೊಂಡ ಹುಳ ಗೂಡಿಗೆ ಹೋಗಿ ಉಳಿದವಕ್ಕೂ ಹಚ್ಚುತ್ತೆ. ಕೋಳಿ ಜಾತಿಗೆ ಅದು ಭಾರಿ ವಿಷ. ಹುಳ ಜೀವಂತ ಇದೆ ಅಂದರೆ ವಿಷ ಇಲ್ಲ ಅಂತಲ್ಲ.

ಗೆದ್ದಲಿಗೆ ಬದು ಗೊತ್ತಿಲ್ಲ, ನೆಲದೊಳಗೆ ಹತ್ತಾರು ಮೀಟರು ಓಡಾಡುತ್ತೆ. ಹಾಗಾಗಿ ಈಗ ಸುತ್ತಲ ನಾಲ್ಕೂ ಹೊಲದವರನ್ನು ಕೇಳಿಯೇ ಮಡಿಕೆ ಇಡುತ್ತೇನೆ. ಶೇಂಗಾ ಬೀಜಕ್ಕೆ ಔಷಧಿ ಹಚ್ಚಿ ಬಿತ್ತಿದ ಹೊಲದ ಹತ್ತಿರವೂ ಹೋಗೋದಿಲ್ಲ. ನನ್ನ ಬೀಳು ನೆಲದ ನಡುವೆ ಹುಣಸೆಮರದಡಿ ಒಂದು ಜಾಗ ಇದೆ, ಅಲ್ಲಿ ಎರಡು ಮಡಿಕೆ. ಗೆದ್ದಲು ಕಡಿಮೆ ಸಿಗುತ್ತೆ, ಸಿಗಲಿ.