ಅಳಿಸದೆ ತಿದ್ದುವ ತಂತ್ರಾಂಶ

ಹನುಮಂತನಗರದ ಒಂದು 30×40 ಅಡಿ ನಿವೇಶನದ ಮೇಲೆ ಸಾಲ ಕೊಡುವ ಮುನ್ನ ಬ್ಯಾಂಕಿನ ವಕೀಲರು ತಪ್ಪದೆ ಕೇಳುವ ಕಾಗದವೆಂದರೆ ಋಣಭಾರ ಪ್ರಮಾಣಪತ್ರ. ಜನರ ಬಾಯಲ್ಲಿ ಅದು ಇ.ಸಿ. ಕೇಳಿದ ಅವಧಿಯಲ್ಲಿ ಆ ಸ್ವತ್ತಿಗೆ ಸಂಬಂಧಿಸಿ ನೋಂದಣಿಯಾದ ಕ್ರಯ, ದಾನ, ವಿಭಾಗ, ಅಡಮಾನ, ಅಡಮಾನದ ತೀರುವಳಿ ಎಲ್ಲವೂ ನಮೂನೆ 15ರಲ್ಲಿ ಪಟ್ಟಿಯಾಗಿ ಬರುತ್ತವೆ. ವ್ಯವಹಾರವೇ ನಡೆದಿಲ್ಲವಾದರೆ ನಮೂನೆ 16 ಸಿಗುತ್ತದೆ. ಈಗಿನ ಮಾಲೀಕರು ಯಾರು, ಸಾಲ ತೀರಿದೆಯೇ ಎಂಬುದಕ್ಕೆ ಇ.ಸಿ.ಯಲ್ಲಿ ನೇರ ಉತ್ತರವಿಲ್ಲ. ನಮೂದುಗಳನ್ನು ಹಳೆಯದರಿಂದ ಹೊಸದರವರೆಗೆ ಓದಿ ವಕೀಲರೇ ಅದನ್ನು ಕಂಡುಕೊಳ್ಳಬೇಕು. ಕ್ರಯಪತ್ರದಲ್ಲಿ ಚಕ್ಕುಬಂದಿ ತಪ್ಪಾಗಿ ಪೂರ್ವಕ್ಕಿರುವ ರಸ್ತೆ ಪಶ್ಚಿಮಕ್ಕೆ ಬಿದ್ದಿದ್ದರೂ, 1908ರ ನೋಂದಣಿ ಕಾಯಿದೆಯಂತೆ ಸ್ಥಿರಾಸ್ತಿಯ ದಸ್ತಾವೇಜುಗಳು ಸೇರುವ 1ನೇ ಪುಸ್ತಕದಿಂದ ಆ ದಾಖಲೆಯನ್ನು ಅಳಿಸುವುದಿಲ್ಲ. ತಿದ್ದುಪಡಿ ಪತ್ರವೆಂಬ ಹೊಸ ದಸ್ತಾವೇಜು ನೋಂದಣಿಯಾಗಿ, ತಪ್ಪೂ ತಿದ್ದುಪಡಿಯೂ ದಫ್ತರದಲ್ಲಿ ಉಳಿಯುತ್ತವೆ.

ಇದೇ ಶಿಸ್ತನ್ನು ತಂತ್ರಾಂಶಕ್ಕೆ ತರುವ ವಿಧಾನಕ್ಕೆ ಈವೆಂಟ್ ಸೋರ್ಸಿಂಗ್ ಎಂದು ಹೆಸರು. ಮಾರ್ಟಿನ್ ಫೌಲರ್ 2005ರಲ್ಲಿ ಇದನ್ನು ವಿವರಿಸಿ ಬರೆದರು. ಸಾಮಾನ್ಯ ಡೇಟಾಬೇಸಿನಲ್ಲಿ ಮಾಲೀಕರ ಹೆಸರಿನ ಕಲಂ ಒಂದಿದ್ದು, ಮಾರಾಟವಾದೊಡನೆ ಹಳೆಯ ಹೆಸರಿನ ಮೇಲೆ ಹೊಸದು ಕೂರುತ್ತದೆ, ಹಳೆಯದು ಕಾಣೆಯಾಗುತ್ತದೆ. ಈವೆಂಟ್ ಸೋರ್ಸಿಂಗಿನಲ್ಲಿ ಶೇಖರವಾಗುವುದು ನಡೆದ ಘಟನೆಗಳು ಮಾತ್ರ. ಒಂದು ಸ್ವತ್ತಿಗೆ ಸೇರಿದ ಘಟನೆಗಳ ಕ್ರಮಬದ್ಧ ಸರಣಿಯನ್ನು ಸ್ಟ್ರೀಮ್ ಎನ್ನುತ್ತಾರೆ, ಅದನ್ನು ಮೊದಲಿನಿಂದ ಓದಿ ಈಗಿನ ಸ್ಥಿತಿಯನ್ನು ಲೆಕ್ಕಹಾಕುತ್ತಾರೆ. ಕರ್ನಾಟಕದ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಒಳರಚನೆ ಏನೇ ಇರಲಿ, ಅದರಿಂದ ಹೊರಬರುವ ಇ.ಸಿ. ಮಾತ್ರ ಇಂಥ ಸ್ಟ್ರೀಮಿನ ಮುದ್ರಿತ ರೂಪವೇ ಸರಿ.

ಬ್ರೌಸರಿನ ಭಾಷೆಯಾದ ಜಾವಾಸ್ಕ್ರಿಪ್ಟ್ ಅನ್ನು ಸರ್ವರಿನಲ್ಲಿ ಓಡಿಸುವ ನೋಡ್ ಡಾಟ್ ಜೆಎಸ್ 2009ರಲ್ಲಿ ಬಂದಿತು. ಅದಕ್ಕೆಂದು ಇರುವ ಈವೆಂಟ್ ಸೋರ್ಸಿಂಗ್ ಲೈಬ್ರರಿಗಳಲ್ಲಿ ಆಸ್ಕರ್ ದುಡಿಚ್ ರೂಪಿಸಿದ ಎಮ್ಮೆಟ್ ಒಂದು. ಅದನ್ನು ಬಳಸುವವರು ಬರೆಯಬೇಕಾದದ್ದು ಮುಖ್ಯವಾಗಿ ಎರಡು ಫಂಕ್ಷನ್‌ಗಳು. ಮೊದಲನೆಯದಾದ ಡಿಸೈಡ್, ಬಂದ ಕೋರಿಕೆಯನ್ನೂ ಸದ್ಯದ ಸ್ಥಿತಿಯನ್ನೂ ನೋಡಿ, ಹೊಸ ಘಟನೆಯನ್ನು ಹುಟ್ಟಿಸುತ್ತದೆ ಇಲ್ಲವೇ ಕೋರಿಕೆಯನ್ನು ತಿರಸ್ಕರಿಸುತ್ತದೆ. ಎರಡನೆಯದಾದ ಇವಾಲ್ವ್, ಹಳೆಯ ಸ್ಥಿತಿಗೆ ಒಂದು ಘಟನೆಯನ್ನು ಸೇರಿಸಿ ಹೊಸ ಸ್ಥಿತಿಯನ್ನು ಕೊಡುತ್ತದೆ. ಓದುವ, ಬರೆಯುವ, ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸಿನೊಡನೆ ವ್ಯವಹರಿಸುವ ಕೆಲಸ ಲೈಬ್ರರಿಯದು.

ಇಷ್ಟನ್ನು ಲೈಬ್ರರಿಯಿಲ್ಲದೆಯೂ ಒಂದು ಮಧ್ಯಾಹ್ನದಲ್ಲಿ ಬರೆಯಬಹುದು ಎಂಬ ಮಾತು ಸುಳ್ಳಲ್ಲ, ಆದರೆ ನಿಜವಾದ ತೊಡಕು ಬೇರೆಡೆ ಇದೆ. ನೋಡ್‌ನಲ್ಲಿ ಜಾವಾಸ್ಕ್ರಿಪ್ಟ್ ಒಂದೇ ಎಳೆಯಲ್ಲಿ ಓಡುವುದರಿಂದ ಎರಡು ಕೋರಿಕೆಗಳು ಡಿಕ್ಕಿಯಾಗುವುದಿಲ್ಲ ಎಂದು ನಂಬುವವರುಂಟು. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ಎರಡು ಕೋರಿಕೆಗಳು ಒಟ್ಟಿಗೆ ಬಂದರೆ, ಮೊದಲನೆಯದು ಸ್ಟ್ರೀಮನ್ನು ಓದಲು ಡೇಟಾಬೇಸಿಗೆ ಹೇಳಿ ‘ಅವೇಟ್’ ಎಂಬಲ್ಲಿ ಕಾಯುತ್ತಿರುವಾಗಲೇ ಎರಡನೆಯದಕ್ಕೆ ಸರದಿ ಸಿಗುತ್ತದೆ. ಎರಡೂ ಏಳನೆಯ ಘಟನೆಯವರೆಗೆ ಓದಿ, ಎರಡೂ ಅದೇ ಹಳೆಯ ಮಾಲೀಕರನ್ನು ಕಂಡು, ಎಂಟನೆಯ ಘಟನೆಯಾಗಿ ತಮ್ಮ ತಮ್ಮ ಕ್ರಯವನ್ನು ಬರೆಯಲು ಹೊರಡುತ್ತವೆ. ಆದ್ದರಿಂದ ಲೈಬ್ರರಿ ಬರೆಯುವಾಗ ‘ಸ್ಟ್ರೀಮಿನ ಕೊನೆಯ ಸಂಖ್ಯೆ ಇನ್ನೂ ಏಳೇ ಆಗಿದ್ದರೆ ಮಾತ್ರ ಸೇರಿಸು’ ಎಂಬ ಷರತ್ತನ್ನು ಹಾಕಬಲ್ಲದು. ಮೊದಲು ತಲುಪಿದ್ದು ಎಂಟನೆಯದಾಗುತ್ತದೆ; ಇನ್ನೊಂದು ವಿಫಲವಾಗಿ, ಮತ್ತೆ ಓದಿದಾಗ ಮಾಲೀಕರು ಬದಲಾಗಿರುವುದನ್ನು ಡಿಸೈಡ್ ಕಂಡು ನಿರಾಕರಿಸುತ್ತದೆ. ಈ ಷರತ್ತೊಂದನ್ನು ಬಿಟ್ಟರೆ ಉಳಿದ ಅಚ್ಚುಕಟ್ಟುತನವೆಲ್ಲ ನೀರಿನಲ್ಲಿ ಹೋಮ.

ಜಾವಾಸ್ಕ್ರಿಪ್ಟಿನದೇ ಆದ ಕಾಟಗಳೂ ಇವೆ. ಘಟನೆಗಳು ಸಾಮಾನ್ಯವಾಗಿ ಜೇಸನ್ ಎಂಬ ಪಠ್ಯರೂಪದಲ್ಲಿ ಶೇಖರವಾಗುತ್ತವೆ. ಅಲ್ಲಿಗೆ ಹೋದ ದಿನಾಂಕ ಮರಳುವಾಗ ಬರೀ ಅಕ್ಷರಗಳ ಸಾಲಾಗಿರುತ್ತದೆ, ಬಿಗ್‌ಇಂಟ್ ಎಂಬ ದೊಡ್ಡ ಪೂರ್ಣಾಂಕವಂತೂ ಒಳಹೋಗುವಾಗಲೇ ದೋಷ ಕೊಡುತ್ತದೆ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಎನ್ನುವ ಭಾಷೆಯಲ್ಲಿ ಹಣವನ್ನು ಪೈಸೆಗಳ ಪೂರ್ಣಾಂಕವಾಗಿ ಬರೆಯುವುದೇ ಲೇಸು. 9,00,71,99,25,47,40,991ರವರೆಗಿನ ಪೂರ್ಣಾಂಕಗಳನ್ನು ಅದು ಬಿಗ್‌ಇಂಟ್ ಇಲ್ಲದೆಯೂ ತಪ್ಪಿಲ್ಲದೆ ಹಿಡಿದಿಡುತ್ತದೆ, ಬೆಂಗಳೂರಿನ ನಿವೇಶನದ ಬೆಲೆಗೂ ಅಷ್ಟು ಸಾಕು. ಬೇರೆ ಕಡೆ ಇಂಥ ದೋಷವನ್ನು ಮರುದಿನ ತಿದ್ದಿಬಿಡಬಹುದು, ಇಲ್ಲಿ ತಪ್ಪು ಘಟನೆ ಶಾಶ್ವತವಾಗಿ ದಫ್ತರದಲ್ಲಿ ಕೂರುತ್ತದೆ.

ಸ್ಟ್ರೀಮ್ ತೀರಾ ಉದ್ದವಾದರೆ ನಡುವೆ ಸ್ಥಿತಿಯ ಒಂದು ಪ್ರತಿಯನ್ನು ಉಳಿಸಿಕೊಂಡು ಅಲ್ಲಿಂದ ಮುಂದಕ್ಕೆ ಓದುವ ಉಪಾಯವಿದೆ, ಆದರೆ ಹತ್ತಿಪ್ಪತ್ತು ಘಟನೆಗಳ ಸ್ವತ್ತಿಗೆ ಅದರ ಹಂಗಿಲ್ಲ. ಇತಿಹಾಸವನ್ನು ಯಾರೂ ಕೇಳದ ತಂತ್ರಾಂಶಕ್ಕೆ ಇಡೀ ವಿಧಾನವೇ ದಂಡ.

ಹೆಚ್ಚು ಯೋಚಿಸಬೇಕಾದದ್ದು ಕಾನೂನಿನ ಬಗ್ಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ವ್ಯಕ್ತಿಗೆ ತನ್ನ ವಿವರಗಳನ್ನು ಅಳಿಸುವಂತೆ ಕೇಳುವ ಹಕ್ಕನ್ನು ಕೊಡುತ್ತದೆ. ಸರ್ಕಾರಿ ನೋಂದಣಿ ಪುಸ್ತಕಗಳಿಗೆ ಅವುಗಳದೇ ಕಾಯಿದೆ ಇದೆ, ಆದರೆ ಖಾಸಗಿ ತಂತ್ರಾಂಶ ‘ನಮ್ಮಲ್ಲಿ ಅಳಿಸುವ ಪದ್ಧತಿಯಿಲ್ಲ’ ಎಂದು ಹೇಳಿ ಜಾರಿಕೊಳ್ಳುವಂತಿಲ್ಲ. ಬಳಕೆಯಲ್ಲಿರುವ ಪರಿಹಾರವೆಂದರೆ ಹೆಸರು, ಫೋನ್ ಸಂಖ್ಯೆಗಳನ್ನು ಗೂಢಲಿಪಿಯಲ್ಲಿ ಬರೆದು, ಪ್ರತಿಯೊಬ್ಬರಿಗೂ ಪ್ರತ್ಯೇಕ ಕೀಲಿಯನ್ನು ಬೇರೆ ಕೋಷ್ಟಕದಲ್ಲಿ ಇಡುವುದು. ಕೋರಿಕೆ ಬಂದಾಗ ಆ ಕೀಲಿಯನ್ನು ಅಳಿಸಿದರೆ ಘಟನೆ ಇದ್ದಲ್ಲಿಯೇ ಇರುತ್ತದೆ, ಹೆಸರನ್ನು ಮಾತ್ರ ಯಾರೂ ಓದಲಾರರು. ಆದರೆ ಕೀಲಿಗಳ ಕೋಷ್ಟಕಕ್ಕೂ ಪ್ರತಿದಿನ ಬ್ಯಾಕಪ್ ಆಗುತ್ತಿದ್ದರೆ, ಆ ಪ್ರತಿಗಳಿಂದಲೂ ಅದೇ ಕೀಲಿಯನ್ನು ತೆಗೆಯುವವರೆಗೆ ಅಳಿಸಿದಂತಾಗುವುದಿಲ್ಲ.